ಮೌನ ಓದು, ಗಟ್ಟಿ ಓದು, ಜೋಡಿ ಓದು, ನಕ್ಷತ್ರದ ಪಟ್ಟಿ: ಪ್ರಾಥಮಿಕ ಶಾಲೆಗೆ ಯಾವುದು?

ಮಕ್ಕಳು ಪಠ್ಯದಾಚೆ ಖುಷಿಗಾಗಿ ಓದಬೇಕು ಎಂದು ಹೊರಟ ಶಾಲೆಗಳು ಸಾಮಾನ್ಯವಾಗಿ ಹಿಡಿಯುವ ದಾರಿಗಳು ನಾಲ್ಕು. ಎಲ್ಲರೂ ಸುಮ್ಮನೆ ಕೂತು ಓದುವ ಅವಧಿ, ಶಿಕ್ಷಕರು ಗಟ್ಟಿಯಾಗಿ ಓದಿ ಹೇಳುವುದು, ದೊಡ್ಡ ಮಗು ಚಿಕ್ಕ ಮಗುವಿನ ಜೊತೆ ಕೂತು ಓದುವುದು, ಓದಿದ ಪುಸ್ತಕಕ್ಕೊಂದು ನಕ್ಷತ್ರ ಅಂಟಿಸುವ ಪಟ್ಟಿ. ನಾಲ್ಕನ್ನೂ ತರಗತಿಯಲ್ಲಿ ನಡೆಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ದಿನಕ್ಕೆ ಹತ್ತೇ ನಿಮಿಷ ಸಿಕ್ಕರೆ ಅದನ್ನು ಗಟ್ಟಿ ಓದಿಗೆ ಕೊಡಿ.

ಈ ವಯಸ್ಸಿನಲ್ಲಿ ಕೇಳಿದಾಗ ಅರ್ಥವಾಗುವುದು ಓದಿದಾಗ ಅರ್ಥವಾಗುವುದಕ್ಕಿಂತ ಎಷ್ಟೋ ಮುಂದಿರುತ್ತದೆ. ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುವ ಎರಡನೇ ತರಗತಿಯ ಹುಡುಗಿ, ನಾಲ್ಕನೆಯವರು ಓದುವ ಕತೆಯನ್ನು ಕೇಳಿ ಪೂರ್ತಿ ಸವಿಯಬಲ್ಲಳು. ಆದ್ದರಿಂದ ಓದಿ ಹೇಳುವ ಪುಸ್ತಕ ಮಕ್ಕಳ ಮಟ್ಟಕ್ಕಿಂತ ಒಂದೆರಡು ತರಗತಿ ಮೇಲಿನದಾಗಿರಲಿ. ಹಿಂದಿನ ದಿನವೇ ಒಮ್ಮೆ ಬಾಯಿಬಿಟ್ಟು ಓದಿಕೊಂಡು, ನಿಲ್ಲಿಸುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಕತೆಯಲ್ಲಿ ಬಾಗಿಲು ತೆರೆದುಕೊಂಡಿರಬೇಕು, ಒಳಗೇನಿದೆ ಎಂದು ಇನ್ನೂ ಗೊತ್ತಾಗಿರಬಾರದು, ನಿಲ್ಲಿಸಬೇಕಾದದ್ದು ಅಲ್ಲಿ. ಚಿತ್ರಪುಸ್ತಕವಾದರೆ ಮಕ್ಕಳನ್ನು ಎರಡು ಸಾಲಿನ ಅರ್ಧವೃತ್ತದಲ್ಲಿ ಕೂರಿಸಿ, ಪುಸ್ತಕವನ್ನು ಭುಜದ ಎತ್ತರಕ್ಕೆ ಹಿಡಿದು, ಪ್ರತಿ ಪುಟವನ್ನೂ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತೋರಿಸಿ. ಮೂರನೇ ಸಾಲು ಮಾಡಿದರೆ ಹಿಂದಿನವರಿಗೆ ಚಿತ್ರ ಕಾಣುವುದಿಲ್ಲ, ಗಲಾಟೆ ಅಲ್ಲಿಂದಲೇ ಶುರು.

ಇದು ಕೆಡುವುದು ಹೆಚ್ಚಾಗಿ ವಿವರಣೆಯಿಂದ. ಪುಟಪುಟಕ್ಕೂ ಈ ಪದದ ಅರ್ಥವೇನು, ಇದರ ನೀತಿಯೇನು ಎಂದು ಕೇಳುತ್ತಾ ಹೋದರೆ ಕತೆ ಮತ್ತೆ ಪಾಠವಾಗುತ್ತದೆ. ಕಷ್ಟದ ಪದ ಬಂದರೆ ಓದುವ ಓಘದಲ್ಲೇ ಪಕ್ಕಕ್ಕೊಂದು ಸುಲಭದ ಪದ ಸೇರಿಸಿ ಮುಂದೆ ಹೋಗಿ. ದಿನದ ಕೊನೆಯ ಅವಧಿಗೂ ಇದನ್ನು ಇಡಬೇಡಿ. ಉಳಿದುಹೋದ ಕೆಲಸವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ, ಓದು ವಾರಕ್ಕೆ ಎರಡು ದಿನಕ್ಕೆ ಇಳಿಯುತ್ತದೆ, ಕತೆಯ ಎಳೆ ಕೈತಪ್ಪುತ್ತದೆ. ಊಟದ ಬಿಡುವು ಮುಗಿದ ಕೂಡಲೇ ಇಟ್ಟುಕೊಂಡರೆ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಮುಗಿದ ಪುಸ್ತಕವನ್ನು ಮಾತ್ರ ದಯವಿಟ್ಟು ಬೀರುವಿಗೆ ಸೇರಿಸಬೇಡಿ. ಅದೇ ದಿನ ಮಕ್ಕಳ ಕೈಗೆಟುಕುವಲ್ಲಿ ಇಡಿ. ಕೇಳಿದ ಕತೆಯನ್ನು ತಾನೇ ಓದುವಾಗ ಮುಂದಿನ ಮಾತು ಅರ್ಧ ಮನಸ್ಸಿನಲ್ಲೇ ಇರುವುದರಿಂದ ಮಗುವಿಗೆ ಅಕ್ಷರದ ಭಾರ ತಗ್ಗುತ್ತದೆ. ಕಪಾಟಿನಿಂದ ಮೊದಲು ಮಾಯವಾಗುವುದು ಇಂಥ ಪುಸ್ತಕಗಳೇ.

ಮೌನ ಓದು ನೋಡುವುದಕ್ಕೆ ಸುಲಭ, ನಡೆಸುವುದಕ್ಕೆ ಅಲ್ಲ. 20 ನಿಮಿಷದ ಅವಧಿಯಲ್ಲಿ ಪುಸ್ತಕ ಹುಡುಕುವುದರಲ್ಲೇ ಏಳೆಂಟು ನಿಮಿಷ ಸೋರಿಹೋಗುತ್ತದೆ. ಪರಿಹಾರ ಇಷ್ಟೇ: ಆಯ್ಕೆ ಬೆಳಿಗ್ಗೆಯೇ ಮುಗಿದಿರಲಿ, ಗಂಟೆ ಹೊಡೆಯುವಾಗ ಪ್ರತಿ ಮಗುವಿನ ಮುಂದೆ ಎರಡು ಪುಸ್ತಕವಿರಲಿ. ಒಂದು ಹಿಡಿಸದಿದ್ದರೆ ಎದ್ದು ಓಡಾಡದೆ ಇನ್ನೊಂದನ್ನು ತೆರೆಯಬಹುದು. ಅರ್ಧಕ್ಕೇ ಬಿಡುವ ಹಕ್ಕು ಮಗುವಿಗೆ ಇರಲೇಬೇಕು. ಒಂದು, ಎರಡನೇ ತರಗತಿಗೆ ಐದಾರು ನಿಮಿಷ ಸಾಕು, ಅದೂ ಪೂರ್ತಿ ಮೌನವಲ್ಲ. ಈ ಮಕ್ಕಳು ತುಟಿಯಾಡಿಸದೆ ಓದಲಾರರು. ಮೂರನೆಯವರಿಗೆ ಹತ್ತು, ಐದನೆಯವರಿಗೆ ಇಪ್ಪತ್ತು ನಿಮಿಷ.

ದೊಡ್ಡ ತೊಂದರೆ ಓದಿದಂತೆ ನಟಿಸುವುದು. ಪುಟ ತಿರುಗುವುದೇ ಇಲ್ಲ, ಇಲ್ಲವೇ ಚಿತ್ರವಿಲ್ಲದ ಪುಟಗಳೂ ಸರಸರ ತಿರುಗುತ್ತವೆ. ದಿನಕ್ಕೊಂದು ದಪ್ಪ ಪುಸ್ತಕ ಬದಲಾಗುತ್ತದೆ. ಹಾಗೆ ಮಾಡುವ ಮಗು ಸೋಮಾರಿಯಲ್ಲ. ಕೈಯಲ್ಲಿರುವುದು ಅದಕ್ಕೆ ಕಷ್ಟದ ಪುಸ್ತಕ, ಸುಲಭದ್ದನ್ನು ಎತ್ತಿಕೊಳ್ಳಲು ನಾಚಿಕೆ. ಯಾವುದೋ ಒಂದು ಪುಟ ಓದಿಸಿ ನೋಡಿ. ಐದಕ್ಕಿಂತ ಹೆಚ್ಚು ಪದಗಳಲ್ಲಿ ಎಡವಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಶಿಕ್ಷಕರೂ ಜೊತೆಗೆ ಓದುತ್ತಾ ಕೂರಬೇಕೆಂಬ ಮಾತು ಜನಪ್ರಿಯ. ಮೊದಲ ಐದು ನಿಮಿಷ ಹಾಗೆ ಕೂತು, ಆಮೇಲೆ ಇಬ್ಬರು ಮೂವರ ಪಕ್ಕ ಕುಳಿತು ಪಿಸುಮಾತಿನಲ್ಲಿ ಓದಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ 2000ನೇ ಇಸವಿಯ ವರದಿಗೂ, ಮಾರ್ಗದರ್ಶನ ಹೆಚ್ಚಿಲ್ಲದ ಮೌನ ಓದಿನಿಂದ ಓದಿನ ಓಘ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ.

ಜೋಡಿ ಓದು ತಡವರಿಸುವ ಮಕ್ಕಳ ಪಾಲಿಗೆ ಅಮೂಲ್ಯ. ಐದನೆಯವರು ಎರಡನೆಯವರ ಜೊತೆ ವಾರಕ್ಕೆ ಮೂರು ಸಲ, ಹದಿನೈದು ನಿಮಿಷ. ಇಬ್ಬರೂ ಒಟ್ಟಿಗೆ ದನಿಗೂಡಿಸಿ ಓದುತ್ತಾರೆ; ಚಿಕ್ಕದು ಮೇಜು ತಟ್ಟಿದರೆ ದೊಡ್ಡದು ಸುಮ್ಮನಾಗಿ, ಅದೊಂದೇ ಓದಲು ಬಿಡಬೇಕು. ತಪ್ಪಿದಾಗ ನಾಲ್ಕೈದು ಸೆಕೆಂಡ್ ಕಾದು, ಸರಿಯಾದ ಪದ ಹೇಳಿ, ಚಿಕ್ಕದರಿಂದ ಒಮ್ಮೆ ಹೇಳಿಸಿ, ಮತ್ತೆ ಒಟ್ಟಿಗೆ ಮುಂದುವರಿಯಬೇಕು. ಬೈಗುಳವಿಲ್ಲ. ಈ ಕ್ರಮವನ್ನು ದೊಡ್ಡವರಿಗೆ ಮೊದಲೇ ಮಾಡಿ ತೋರಿಸದಿದ್ದರೆ ಅವರು ಪುಟ್ಟ ಮೇಷ್ಟರಾಗಿಬಿಡುತ್ತಾರೆ. ಓದಿನಲ್ಲಿ ಹಿಂದಿರುವ ಐದನೆಯವನಿಗೂ ಇಲ್ಲಿ ಸುಲಭದ ಪುಸ್ತಕವನ್ನು ತಲೆಯೆತ್ತಿ ಓದುವ ಕಾರಣ ಸಿಗುತ್ತದೆ. ಆ ಒಂದಕ್ಕಾಗಿಯೇ ಇದನ್ನು ಬಿಡಬಾರದು.

ನಕ್ಷತ್ರದ ಪಟ್ಟಿ ಮೊದಲ ಎರಡು ವಾರ ಎಲ್ಲಕ್ಕಿಂತ ಚೆನ್ನಾಗಿ ಓಡುತ್ತದೆ. ಆಮೇಲೆ ತೆಳು ಪುಸ್ತಕಗಳಿಗೆ ಪೈಪೋಟಿ, ಕೊನೆಯ ಪುಟ ಮಾತ್ರ ಓದುವುದು, ಪಟ್ಟಿಯ ತಳದಲ್ಲಿ ಯಾರಿದ್ದಾರೆಂದು ಶಾಲೆಗೆಲ್ಲ ಗೊತ್ತಾಗುವುದು. ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿಕೊಂಡಿದ್ದ ಪುಟ್ಟ ಮಕ್ಕಳು ಮುಂದೆ ಬಿಡುವಿನಲ್ಲಿ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದ್ದರ ಅರ್ಧದಷ್ಟು. ಹೇಳದೆ ಕೊಟ್ಟ ಬಹುಮಾನದಿಂದ ಈ ಹಾನಿಯಾಗಲಿಲ್ಲ. ಪಟ್ಟಿ ಕಿತ್ತುಹಾಕಿ, ಪುಸ್ತಕದೊಳಗೊಂದು ಚೀಟಿ ಇಡಿ: ‘ಇದು ಯಾರಿಗೆ ಹಿಡಿಸಬಹುದು?’ ಓದಿದ ಮಗು ಗೆಳೆಯನ ಹೆಸರು ಬರೆಯುತ್ತದೆ, ಪುಸ್ತಕ ಆ ಗೆಳೆಯನಿಗೆ ಹೋಗುತ್ತದೆ.

ಯಾವ ದಾರಿ ಹಿಡಿದರೂ ಪುಸ್ತಕ ಜೋಡಿಸುವ ರೀತಿ ಮುಖ್ಯ. ಬೆನ್ನು ಮಾತ್ರ ಕಾಣುವ ನೂರು ಪುಸ್ತಕಗಳಿಗಿಂತ ಮುಖಪುಟ ಕಾಣುವ ಇಪ್ಪತ್ತು ಹೆಚ್ಚು ಕೈಸೇರುತ್ತವೆ. ಉಳಿದವನ್ನು ಪೆಟ್ಟಿಗೆಯಲ್ಲಿಟ್ಟು ಎರಡು ವಾರಕ್ಕೊಮ್ಮೆ ಅರ್ಧದಷ್ಟು ಬದಲಿಸಿ. ಮಟ್ಟದ ಬಣ್ಣದ ಚೀಟಿ ಅಂಟಿಸಬೇಡಿ. ಯಾವ ಬಣ್ಣ ‘ದಡ್ಡರದ್ದು’ ಎಂದು ಮಕ್ಕಳಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ. ದಾಖಲೆಗೆ ದಿನಾಂಕ, ಪುಸ್ತಕದ ಸಂಖ್ಯೆ, ಹೆಸರು ಎಂಬ ಮೂರು ಕಾಲಮ್ಮಿನ ನೋಟ್‌ಬುಕ್ ಸಾಕು, ಬರೆಯುವವರು ಮಕ್ಕಳೇ. ವರ್ಷಕ್ಕೆ ಕೆಲವು ಪುಸ್ತಕ ಹರಿಯುತ್ತವೆ, ಕೆಲವು ಕಳೆಯುತ್ತವೆ. ಅದನ್ನು ಸೀಮೆಸುಣ್ಣ ಸವೆದಂತೆ ಖರ್ಚಿಗೆ ಹಾಕಿಕೊಳ್ಳಿ, ಮಗುವಿನಿಂದ ವಸೂಲಿ ಮಾಡಬೇಡಿ. ದಂಡದ ಭಯ ಹತ್ತಿದರೆ ಮರುದಿನದಿಂದ ಯಾರೂ ಪುಸ್ತಕವನ್ನು ಮನೆಗೆ ಒಯ್ಯುವುದಿಲ್ಲ.