ಬಿಚ್ಚಿ ಬಿಟ್ಟರೆ ಬೆದರುವ ಕುದುರೆಗೆ ಹಗ್ಗವೋ, ಓಟವೋ, ಮೇಕೆಯೋ?

ನಮ್ಮ ರಾಜ ದಾವಣಗೆರೆಯ ಬೀದಿಗಳಲ್ಲಿ ಮದುಮಕ್ಕಳನ್ನು ಹೊತ್ತು ತಿರುಗಿದ ಕುದುರೆ. ಬೀಜ ಒಡೆಸಿದ ಗಂಡು, ಏಳು ವರ್ಷ. ಬ್ಯಾಂಡು, ಪಟಾಕಿ, ಕಣ್ಣು ಕುಕ್ಕುವ ದೀಪ ಯಾವುದಕ್ಕೂ ಕಿವಿ ಅಲುಗಿಸದವನು, ಭರಮಸಾಗರದ ಹತ್ತಿರದ ನಮ್ಮ ಹೊಲದಲ್ಲಿ ಮೊದಲ ಸಲ ಬಿಚ್ಚಿ ಬಿಟ್ಟಾಗ ನಡುಗಿಹೋದ. ಬೇಲಿಯ ಉದ್ದಕ್ಕೂ ಹೋಗುವುದು, ಮೂಲೆಯಲ್ಲಿ ಗಕ್ಕನೆ ತಿರುಗುವುದು, ಲಾಯದ ಕಡೆ ಮುಖ ಮಾಡಿ ಕೆನೆಯುವುದು, ನೀರಾಗಿ ಲದ್ದಿ ಹಾಕುವುದು. ಕಾಲಡಿಯಲ್ಲಿ ಒಂದು ಎಕರೆ ಗರಿಕೆ ಇದ್ದರೂ ಒಂದು ಬಾಯಿ ಮೇಯಲಿಲ್ಲ. ವಾರದೊಳಗೆ ಬೇಲಿಯ ಪಕ್ಕದಲ್ಲಿ ಕಾಲುದಾರಿಯೇ ಬಿದ್ದಿತ್ತು.

ನಮ್ಮ ಕಡೆ ಕುದುರೆ ಸಾಕುವವರು ಕಡಿಮೆ, ಸಲಹೆ ಕೊಡುವವರಿಗೇನೂ ಬರವಿಲ್ಲ. ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ. ಎರಡು ಲೆಕ್ಕ ಬರೆದಿಟ್ಟುಕೊಂಡೆ: ಬಿಟ್ಟ ಎಷ್ಟು ನಿಮಿಷಕ್ಕೆ ತಲೆ ತಗ್ಗಿಸಿ ಮೇಯುತ್ತಾನೆ, ಒಳಗೆ ತಂದಾಗ ನಾಡಿ ಎಷ್ಟಿರುತ್ತದೆ. ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ಸುಮ್ಮನೆ ನಿಂತ ಬೆಳೆದ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ ಸಹಜ. ರಾಜನದು ಮೊದಲ ದಿನ 80 ದಾಟಿತ್ತು.

ಹಗ್ಗದ ಸಂಗತಿ ಬೇಗ ಮುಗಿಸುತ್ತೇನೆ. ಗೂಟ ಹೊಡೆದು ಉದ್ದನೆಯ ಹಗ್ಗದಲ್ಲಿ ಕಟ್ಟಿದ್ದು ಎರಡೇ ದಿನ. ಹಿಂಗಾಲಿಗೆ ಹಗ್ಗ ಸುತ್ತಿಕೊಂಡು ಗೊರಸಿನ ಮೇಲಿನ ಚರ್ಮ ಕಿತ್ತುಬಂತು, ಹನ್ನೆರಡು ದಿನ ಮುಲಾಮು ಹಚ್ಚಿದೆ. ಮುಂಗಾಲುಗಳನ್ನು ಜೋಡಿಸಿ ಕಟ್ಟಿ ಬಿಡು ಎಂದವರೂ ಇದ್ದರು. ಓಡಿಯೇ ಜೀವ ಉಳಿಸಿಕೊಳ್ಳುವ ಪ್ರಾಣಿ ಹೆದರಿ ನಿಂತಿರುವಾಗ ಅದರ ಕಾಲು ಕಟ್ಟುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಓಡಿಸಿ ದಣಿಸುವ ಉಪಾಯ ಮೊದಮೊದಲು ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ಉದ್ದ ಹಗ್ಗ ಹಿಡಿದು ನನ್ನ ಸುತ್ತ ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ಬಯಲಿಗೆ ಬಿಡುವುದು. ನಾಲ್ಕು ದಿನ ಸುಮ್ಮನಿದ್ದ. ಹತ್ತನೆಯ ದಿನದ ಹೊತ್ತಿಗೆ ಅರ್ಧ ಗಂಟೆ ಓಡಿಸಿದರೂ ಸಾಲದಾಯಿತು. ದಿನವೂ ಓಡಿಸಿ ಅವನ ದಮ್ಮು ಹೆಚ್ಚಿಸಿದವನು ನಾನೇ! ಇನ್ನೊಂದು ತಪ್ಪು ತಡವಾಗಿ ತಿಳಿಯಿತು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ಅದನ್ನು ತಣಿಸುವ ಜೊಲ್ಲು ಹುಟ್ಟುವುದು ಜಗಿದಾಗ ಮಾತ್ರ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಆ ಆಮ್ಲ ಮೇಲಕ್ಕೆ ಚಿಮ್ಮಿ ಹುಣ್ಣಿಗೆ ದಾರಿಯಾಗುತ್ತದೆ. ನಾನು ಓಡಿಸುತ್ತಿದ್ದದ್ದು ಮೇವಿಗೆ ಮುಂಚೆ.

ಅಂಗಡಿಯಿಂದ ತಂದ ಮೆಗ್ನೀಸಿಯಂ ಪುಡಿಯನ್ನೂ ಒಂದು ತಿಂಗಳು ಹುರುಳಿಯಲ್ಲಿ ಕಲಸಿ ಕೊಟ್ಟೆ. ನನ್ನ ಪುಸ್ತಕದ ಅಂಕಿಗಳಲ್ಲಿ ಅದರ ಗುರುತೇ ಇಲ್ಲ.

ಮೇಕೆಯ ಪ್ರಯೋಗವನ್ನು ನೆನೆದರೆ ಮನೆಯಲ್ಲಿ ಈಗಲೂ ನಗುತ್ತಾರೆ. ಜೊತೆಗೊಂದು ಜೀವವಿದ್ದರೆ ಸಾಕು ಎಂಬ ಮಾತು ನಂಬಿ ಸಂತೆಯಿಂದ ಒಂದು ಕಪ್ಪು ಮೇಕೆ ತಂದೆ. ಇಪ್ಪತ್ತನೆಯ ನಿಮಿಷಕ್ಕೆ ರಾಜ ಹುಲ್ಲಿಗೆ ಬಾಯಿ ಹಾಕಿದ, ಅಲ್ಲಿಯವರೆಗೆ ಅದೇ ದಾಖಲೆ. ಆದರೆ ಮೇಕೆಯನ್ನು ತಡೆಯುವ ಬೇಲಿ ಯಾವುದಿದೆ? ಪಕ್ಕದ ಮೆಕ್ಕೆಜೋಳಕ್ಕೆ ನುಗ್ಗುತ್ತಿತ್ತು, ಅದು ಕಣ್ಮರೆಯಾದ ಕ್ಷಣವೇ ರಾಜನ ಗೋಳು ಇಮ್ಮಡಿಯಾಗುತ್ತಿತ್ತು. ಕಾಸು ಕಡಿಮೆಯಿದ್ದು ಬೇಲಿ ಗಟ್ಟಿಯಿದ್ದವರಿಗೆ ಮೇಕೆ ಆದೀತು. ನನಗೆ ಉಳಿದದ್ದು ಪಕ್ಕದ ಹೊಲದವರ ಬೈಗುಳ.

ಚಿತ್ರದುರ್ಗದಲ್ಲಿ ಹಿಂದೆ ಜಟಕಾ ಹೊಡೆಯುತ್ತಿದ್ದ ಅಜ್ಜ ಒಬ್ಬರಿದ್ದಾರೆ. ಅವರು ಬಂದು ಬೇಲಿಯ ಕಾಲುದಾರಿ ನೋಡಿ, "ಇಷ್ಟು ವರ್ಷ ಇವನು ಎಲ್ಲಿ ಇರುತ್ತಿದ್ದನಪ್ಪಾ?" ಎಂದು ಕೇಳಿದರು. ಆರು ಕುದುರೆಗಳ ಲಾಯದಲ್ಲಿ ಎಂದೆ. ಬೇರೇನೂ ಹೇಳದೆ ಮರುವಾರ ತಮ್ಮ ಮುದಿ ಹೆಣ್ಣು ಕುದುರೆಯನ್ನು ನಮ್ಮಲ್ಲಿ ಮೇಯಲು ಬಿಟ್ಟರು. ಗೌರಿ ಎಂದು ಹೆಸರು. ಐದು ದಿನ ನಡುವೆ ಗಳದ ಬೇಲಿ ಇಟ್ಟು, ಮೂಸಿ ನೋಡಿ ಪರಿಚಯವಾದ ಮೇಲೆ ಒಟ್ಟಿಗೆ ಬಿಟ್ಟೆವು. ನೇರವಾಗಿ ಬಿಟ್ಟಿದ್ದರೆ ಒದೆತ ಖಂಡಿತ. ಆ ಬೇಲಿಯಲ್ಲಿದ್ದ ಮುಳ್ಳುತಂತಿಯನ್ನು ಮೊದಲೇ ಕಿತ್ತು ನೀಲಗಿರಿ ಗಳ ಕಟ್ಟಿಸಿದ್ದೆ. ಗೌರಿ ತಲೆ ತಗ್ಗಿಸಿದರೆ ರಾಜನೂ ತಗ್ಗಿಸುತ್ತಾನೆ. ನಾಲ್ಕೇ ನಿಮಿಷ, ನಾಡಿ 40. ಇದಕ್ಕಿಂತ ಒಳ್ಳೆಯ ಅಂಕಿ ನನ್ನ ಪುಸ್ತಕದಲ್ಲಿಲ್ಲ. ತೊಂದರೆಯೂ ಉಂಟು: ಎರಡು ಕುದುರೆಗಳ ಮೇವು, ಎರಡರ ಲಾಳ, ಗೌರಿಯನ್ನು ಅತ್ತ ಕರೆದೊಯ್ದರೆ ಮತ್ತೆ ಕೂಗು.

ಆ ಕೂಗಿಗಾಗಿ ಹುಡುಕಿದ್ದೇ ಕೊನೆಯ ದಾರಿ. ಇದಕ್ಕೆ ಖರ್ಚಿಲ್ಲ, ತಾಳ್ಮೆ ಮಾತ್ರ ಬೇಕು. ಬಿಡುವ ಅರ್ಧ ಗಂಟೆ ಮೊದಲೇ ಒಣಹುಲ್ಲು ಹಾಕುತ್ತೇನೆ. ಬಯಲಿನಲ್ಲಿ ಬೇಲಿಯಿಂದ ದೂರಕ್ಕೆ ಮೂರು ಕಡೆ ಹುಲ್ಲಿನ ರಾಶಿ ಇಡುತ್ತೇನೆ. (ನಮ್ಮದು ಮೆಕ್ಕೆಜೋಳದ ಸೀಮೆ, ಆದರೂ ಬೂಷ್ಟು ಹಿಡಿದ ಕಾಳು ಕುದುರೆಯ ಹತ್ತಿರ ಸುಳಿಯಬಾರದು, ಅದು ಮಿದುಳಿಗೇ ಹೊಡೆಯುತ್ತದೆ. ಎಳೆಯ ಜೋಳದ ಸೊಪ್ಪೆಯೂ ಬೇಡ.) ಮೊದಲ ದಿನ ಗೌರಿಯಿಲ್ಲದೆ ಹತ್ತೇ ನಿಮಿಷ, ಎರಡು ದಿನಕ್ಕೊಮ್ಮೆ ಐದು ನಿಮಿಷ ಹೆಚ್ಚು. ಮುಖ್ಯವಾದ ಮಾತೆಂದರೆ, ಅವನು ಕೂಗುವ ಮೊದಲೇ ಒಳಗೆ ತರಬೇಕು. ಮೊದಲ ತಿಂಗಳೆಲ್ಲ ಅವನು ಕೆನೆದೊಡನೆ ನಾನು ಕರುಳು ಹಿಂಡಿದಂತಾಗಿ ಓಡಿಹೋಗಿ ಬಾಗಿಲು ತೆಗೆಯುತ್ತಿದ್ದೆ. ಕೂಗಿದರೆ ಬಾಗಿಲು ತೆರೆಯುತ್ತದೆ ಎಂದು ಅವನು ಕಲಿತದ್ದು ನನ್ನಿಂದಲೇ. ಹಾಗೆಂದು ಬೆವರು ಸುರಿಸಿಕೊಂಡು ಬೇಲಿಗೆ ಎದೆಯೊಡ್ಡುವವನನ್ನು ನೋಡುತ್ತ ಕೂರುವುದಲ್ಲ. ಆಗ ಒಳಹೋಗಿ ಹಗ್ಗ ಹಿಡಿದು, ಬಯಲಿನಲ್ಲೇ ನಿಧಾನವಾಗಿ ನಡೆಸಿ, ಉಸಿರು ಇಳಿದ ಮೇಲೆ ಲಾಯಕ್ಕೆ ತರುತ್ತೇನೆ. ಹೊಟ್ಟೆಯ ಕಡೆ ತಿರುತಿರುಗಿ ನೋಡುವುದು, ನೆಲ ಕೆರೆದು ಹೊರಳುವುದು ಕಂಡರೆ ಅದು ಬೆದರಿಕೆಯಲ್ಲ, ಹೊಟ್ಟೆನೋವು. ಪಶುವೈದ್ಯರಿಗೆ ಫೋನ್ ಮಾಡುವುದೇ ಸರಿ.

ಒಂದನ್ನೇ ಆರಿಸು ಎಂದರೆ ನಾನು ಹುಲ್ಲು ಮತ್ತು ಗಡಿಯಾರದ ದಾರಿಯನ್ನೇ ಹಿಡಿಯುತ್ತೇನೆ, ಗೌರಿಗಿಂತ ನಿಧಾನವಾದರೂ. ಏಕೆಂದರೆ ಗೌರಿ ಅಜ್ಜನ ಕುದುರೆ, ಯಾವತ್ತಾದರೂ ವಾಪಸ್ಸು ಹೋಗುತ್ತಾಳೆ.

ಆಷಾಢದ ಗಾಳಿಯಲ್ಲಿ ಮಾತ್ರ ಇದಾವುದೂ ನಡೆಯಲಿಲ್ಲ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲವಲ್ಲ. ಆ ದಿನಗಳಲ್ಲಿ ಗಾಳಿ ಇಳಿಯುವ ಹೊತ್ತು ನೋಡಿ ಬಿಡುತ್ತಿದ್ದೆ. ಈಗ ಒಂಟಿಯಾಗಿ ನಲವತ್ತು ನಿಮಿಷಕ್ಕೆ ಬಂದಿದ್ದಾನೆ. ಬೇಲಿಯ ಕಾಲುದಾರಿಯಲ್ಲಿ ಗರಿಕೆ ಮತ್ತೆ ಚಿಗುರುತ್ತಿದೆ.