ಕರ್ನಾಟಕ ಲೋಕಾಯುಕ್ತ: ದೂರುದಾರನ ಕಡೆಯಿಂದ ಒಂದು ವಿಮರ್ಶೆ

ಲಂಚ ಕೇಳಿದ ಸರ್ಕಾರಿ ನೌಕರನ ವಿರುದ್ಧ ದೂರು ಕೊಡಲು ಕರ್ನಾಟಕದ ನಾಗರಿಕನಿಗೆ ಇರುವ ಮುಖ್ಯ ಸೇವೆಯೆಂದರೆ ಲೋಕಾಯುಕ್ತ. 1984ರ ಕಾಯ್ದೆಯಡಿ ರೂಪುಗೊಂಡು 1986ರಲ್ಲಿ ಕೆಲಸ ಆರಂಭಿಸಿದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನ ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿದೆ; ಜಿಲ್ಲೆಗಳಲ್ಲಿ ಅದರದೇ ಪೊಲೀಸ್ ಘಟಕಗಳಿವೆ. ನಮ್ಮ ತೆರಿಗೆಯಿಂದ ನಡೆಯುವ ಈ ಸೇವೆ ದೂರುದಾರನಿಗೆ ಏನು ಕೊಡುತ್ತದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ನಾವು ಆಗಾಗ ಅಳೆದು ನೋಡಬೇಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಕೈಯಿಂದ ಕೈಗೆ ದಾಟುವ ಲಂಚದ ವಿಷಯದಲ್ಲಿ ಇದು ನಂಬಿ ಹೋಗಬಹುದಾದ ಸೇವೆ, ಕಡತದ ಮೇಲಿನ ಸಹಿಯ ಮೂಲಕ ನಡೆಯುವ ಭ್ರಷ್ಟಾಚಾರದ ವಿಷಯದಲ್ಲಿ, ಅಂದರೆ ಅಧಿಕಾರಸ್ಥರ ಭ್ರಷ್ಟಾಚಾರದ ವಿಷಯದಲ್ಲಿ, ಇದರ ಕೈಗಳನ್ನು ಕಾನೂನೇ ಕಟ್ಟಿಹಾಕಿದೆ.

ಮೊದಲು ಚೆನ್ನಾಗಿ ನಡೆಯುವ ಭಾಗವನ್ನು ನೋಡೋಣ. ಪೋಡಿ (ಜಮೀನಿನ ವಿಭಜನೆ) ಮಾಡಿಕೊಡಲು ಸರ್ವೇಯರ್, ಖಾತೆ ಬದಲಾಯಿಸಲು ಕಂದಾಯ ಸಿಬ್ಬಂದಿ, ಬಿಲ್ ಪಾಸು ಮಾಡಲು ಎಂಜಿನಿಯರ್ ಹಣ ಕೇಳಿದರೆ, ಹಣ ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರನ್ನು ಕಾಣಬಹುದು. ಅವರು ದೂರು ದಾಖಲಿಸಿಕೊಂಡು, ನೋಟುಗಳ ಸಂಖ್ಯೆಗಳನ್ನು ಬರೆದಿಟ್ಟು, ಅವುಗಳಿಗೆ ಫಿನಾಫ್ತಲೀನ್ ಪುಡಿ ಸವರಿ, ಸಾಕ್ಷಿಗಳ ಸಮ್ಮುಖದಲ್ಲಿ ದೂರುದಾರನನ್ನು ಕಳುಹಿಸುತ್ತಾರೆ. ಹಣ ಮುಟ್ಟಿದವನ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೀಸೆಯಲ್ಲಿ ಮುಚ್ಚಿ ಮೊಹರು ಹಾಕಿ ಪಂಚನಾಮೆ ಬರೆಯುತ್ತಾರೆ. ಟ್ರ್ಯಾಪ್ ಎಂದು ಕರೆಯುವ, ದಶಕಗಳಿಂದ ಬಳಕೆಯಲ್ಲಿರುವ ಈ ವಿಧಾನ ಸರಳವೂ ಹೌದು, ಪರಿಣಾಮಕಾರಿಯೂ ಹೌದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವಾಗಿರುವುದರಿಂದ ದೂರುದಾರರಲ್ಲಿ ಒಂದು ಅಂಜಿಕೆ ಇದೆ. ಆದರೆ ಮೊದಲೇ ಪೊಲೀಸರಿಗೆ ತಿಳಿಸಿ ಹಣ ಕೊಟ್ಟವರಿಗೆ ಅದೇ ಕಾನೂನಿನಲ್ಲಿ ರಕ್ಷಣೆಯಿದೆ, ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ವರದಿ ಮಾಡಿದರೂ ರಕ್ಷಣೆಯಿದೆ ಎಂಬುದನ್ನು ತಿಳಿದಿರಬೇಕು.

ಪೊಲೀಸ್ ವಿಭಾಗದ ಜೊತೆಗೆ ವಿಚಾರಣೆಯ ವಿಭಾಗವೂ ಇದೆ. ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದ (ಅಫಿಡವಿಟ್) ಸಮೇತ ದೂರು ಸಲ್ಲಿಸಿದರೆ ಲೋಕಾಯುಕ್ತರು ಅಥವಾ ಉಪಲೋಕಾಯುಕ್ತರು ಅದನ್ನು ಪರಿಶೀಲಿಸುತ್ತಾರೆ. ಆಡಳಿತದಿಂದಾದ ತೊಂದರೆಯ ಬಗ್ಗೆ ಅದು ತಿಳಿದ ಆರು ತಿಂಗಳೊಳಗೆ, ಅಕ್ರಮದ ಆರೋಪದ ಬಗ್ಗೆ ಅದು ನಡೆದ ಐದು ವರ್ಷಗಳೊಳಗೆ ದೂರು ಕೊಡಬೇಕು. ವಕೀಲರ ನೆರವಿಲ್ಲದೆ ರೈತನೊಬ್ಬ ತಾನೇ ಬರೆದುಕೊಡಬಹುದಾದಷ್ಟು ಸುಲಭವಾದ ವ್ಯವಸ್ಥೆ ಇದು. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಕಾಲದಲ್ಲಿ, ಅಂದರೆ 2001ರಿಂದ 2006ರವರೆಗೆ, ಸರ್ಕಾರಿ ಆಸ್ಪತ್ರೆಗಳಿಗೂ ಕಚೇರಿಗಳಿಗೂ ಲೋಕಾಯುಕ್ತರೇ ದಿಢೀರನೆ ಬಂದು ನಿಲ್ಲುತ್ತಾರೆ ಎಂಬ ಅಳುಕು ನೌಕರರಲ್ಲಿ ಹುಟ್ಟಿತು, ತಮ್ಮ ಮಾತಿಗೂ ಬೆಲೆಯಿದೆ ಎಂಬ ಧೈರ್ಯ ಜನರಲ್ಲಿ ಹುಟ್ಟಿತು. ಹಳ್ಳಿಗಳಲ್ಲಿ ಇಂದಿಗೂ ಲೋಕಾಯುಕ್ತದ ಹೆಸರಿಗೆ ಇರುವ ತೂಕದ ಬಹುಪಾಲು ಆ ಐದು ವರ್ಷಗಳ ಸಂಪಾದನೆ.

ಇನ್ನು ಈ ಸೇವೆ ಎಡವುವ ಜಾಗಕ್ಕೆ ಬರುತ್ತೇನೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಕಲಮಿನ ಪ್ರಕಾರ, ಸಾರ್ವಜನಿಕ ಸೇವಕನೊಬ್ಬ ತನ್ನ ಅಧಿಕೃತ ಕರ್ತವ್ಯದ ಭಾಗವಾಗಿ ಮಾಡಿದ ಶಿಫಾರಸು ಅಥವಾ ತೆಗೆದುಕೊಂಡ ತೀರ್ಮಾನದ ಬಗ್ಗೆ ಪೊಲೀಸರು ತನಿಖೆ ನಡೆಸಬೇಕಾದರೆ ಸರ್ಕಾರದ ಅಥವಾ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಲಂಚ ಪಡೆಯುವಾಗ ಸ್ಥಳದಲ್ಲೇ ಸಿಕ್ಕಿಬಿದ್ದವನ ಬಂಧನಕ್ಕೆ ಮಾತ್ರ ಈ ಅನುಮತಿ ಬೇಕಿಲ್ಲ. ಇದರ ಫಲವನ್ನು ಯೋಚಿಸಿ ನೋಡಿ. ಐದು ಸಾವಿರ ರೂಪಾಯಿ ನೋಟುಗಳನ್ನು ಕೈಯಲ್ಲಿ ಹಿಡಿದ ಸರ್ವೇಯರನನ್ನು ಯಾರನ್ನೂ ಕೇಳದೆ ಹಿಡಿಯಬಹುದು. ಭೂಸ್ವಾಧೀನದಿಂದ ಜಮೀನು ಕೈಬಿಡುವ ಆದೇಶಕ್ಕೆ, ಗಣಿ ಗುತ್ತಿಗೆಯ ಶಿಫಾರಸಿಗೆ, ನೂರಾರು ಕೋಟಿಯ ಟೆಂಡರಿಗೆ ಸಹಿ ಹಾಕಿದವರು ಯಾವ ನೋಟನ್ನೂ ಕೈಯಿಂದ ಮುಟ್ಟುವುದಿಲ್ಲ. ಅವರ ವಿಷಯದಲ್ಲಿ ತನಿಖೆಯ ಮೊದಲ ಹೆಜ್ಜೆಗೇ ಅನುಮತಿ ಬೇಕು. ಮೊಕದ್ದಮೆಗೆ 19ನೇ ಕಲಮಿನಡಿ ಬೇಕಾಗುವ ಮಂಜೂರಾತಿ ಸರ್ವೇಯರನಿಗೂ ಅನ್ವಯಿಸುತ್ತದೆ, ನಿಜ. ಆದರೆ ತನಿಖೆಯ ಬಾಗಿಲಲ್ಲೇ ಇರುವ ಬೀಗ ದೊಡ್ಡವರಿಗೆ ಮಾತ್ರ ಒದಗುತ್ತದೆ. ಪ್ರಾಮಾಣಿಕ ಅಧಿಕಾರಿ ನಿರ್ಭಯವಾಗಿ ತೀರ್ಮಾನ ಕೈಗೊಳ್ಳಲಿ ಎಂಬುದು ಈ ಕಲಮಿನ ಸಮರ್ಥನೆ. ಆ ಕಾಳಜಿ ಸರಿಯೇ ಇದೆ. ಅನುಮತಿಯನ್ನು ಆಡಳಿತದಲ್ಲಿ ಕುಳಿತವರ ಕೈಗೆ ಕೊಟ್ಟಿರುವುದನ್ನು ನಾನು ಒಪ್ಪಲಾರೆ.

ಸಂಸ್ಥೆಗೆ ಶಕ್ತಿ ಇದ್ದಾಗ ಅದು ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದನ್ನು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಗಣಿ ವರದಿಗಳು ತೋರಿಸಿದವು. 2011ರ ಜುಲೈ 27ರಂದು ಸಲ್ಲಿಕೆಯಾದ ಎರಡನೆಯ ವರದಿ, ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಅದೇ ತಿಂಗಳ 31ರಂದು ರಾಜೀನಾಮೆ ಕೊಟ್ಟರು. ವರದಿಯ ಆಧಾರದ ಮೇಲೆ ಅವರ ವಿರುದ್ಧ ಹೂಡಿದ ಪ್ರಕರಣವನ್ನು 2012ರ ಮಾರ್ಚಿನಲ್ಲಿ ಹೈಕೋರ್ಟ್ ರದ್ದುಪಡಿಸಿತು. ನಂತರ ಸಿಬಿಐ ನಡೆಸಿದ ಮೊಕದ್ದಮೆಯಲ್ಲಿ 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು.

ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಕಬ್ಬಿಣದ ಅದಿರು ಕಾಣೆಯಾದದ್ದು 2010ರಲ್ಲಿ. ಲಕ್ಷಾಂತರ ಟನ್ ಅದಿರು ಸರ್ಕಾರದ ವಶದಲ್ಲಿದ್ದಾಗಲೇ ಹಡಗೇರಿತು ಎಂಬ ಆ ಪ್ರಕರಣದಲ್ಲಿ, ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನಾಲ್ಕು ವರ್ಷ ಸಂದಿದ್ದವು, ಮತ್ತು ಆ ಅವಧಿಯಲ್ಲಿ ಅವರು ಎರಡು ಬಾರಿ ವಿಧಾನಸಭೆಗೆ ಆಯ್ಕೆಯಾಗಿದ್ದರು. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಪ್ರತಿಯೊಬ್ಬರ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ಇನ್ನೂ ತೀರ್ಪೇ ಬಾರದ ವಿಚಾರಣಾಧೀನ ಕೈದಿಗಳಾಗಿದ್ದರು ಎಂಬ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ಓದಿದಾಗ ಮನಸ್ಸು ಕುದಿಯುತ್ತದೆ.

ಟ್ರ್ಯಾಪ್ ಅಪರೂಪಕ್ಕೊಮ್ಮೆ ಅಧಿಕಾರದ ಮನೆಯೊಳಗೇ ನಡೆದದ್ದೂ ಉಂಟು. 2023ರ ಮಾರ್ಚ್ 2ರಂದು, ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮದ ಅಧ್ಯಕ್ಷರೂ ಚನ್ನಗಿರಿಯ ಶಾಸಕರೂ ಆಗಿದ್ದ ಮಾಡಾಳು ವಿರೂಪಾಕ್ಷಪ್ಪ ಅವರ ಮಗನನ್ನು 40 ಲಕ್ಷ ರೂಪಾಯಿ ಪಡೆಯುತ್ತಿದ್ದಾಗ ಲೋಕಾಯುಕ್ತ ಪೊಲೀಸರು ಹಿಡಿದರು. ಶೋಧದಲ್ಲಿ ಕೋಟಿಗಟ್ಟಲೆ ನಗದು ಸಿಕ್ಕಿತು. ಪೊಲೀಸರ ಕೆಲಸ ಶ್ಲಾಘನೀಯವಾಗಿತ್ತು. ಮಾರ್ಚ್ 7ರಂದು ಶಾಸಕರಿಗೆ ಹೈಕೋರ್ಟಿನಿಂದ ಮಧ್ಯಂತರ ನಿರೀಕ್ಷಣಾ ಜಾಮೀನು ಸಿಕ್ಕಿತು, ಊರಿನಲ್ಲಿ ಬೆಂಬಲಿಗರು ಮೆರವಣಿಗೆ ಮಾಡಿದರು. ಸಾಮಾನ್ಯರ ಇಂಥ ಅರ್ಜಿಗಳು ವಿಚಾರಣೆಯ ಪಟ್ಟಿಗೆ ಬರಲು ದಿನಗಟ್ಟಲೆ ಕಾಯಬೇಕಾಗಿರುವಾಗ ಇದು ಅಷ್ಟು ಬೇಗ ಹೇಗೆ ಬಂತು ಎಂದು ಬೆಂಗಳೂರು ವಕೀಲರ ಸಂಘವೇ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆಯಿತು. ಅದೇ ತಿಂಗಳ ಕೊನೆಯಲ್ಲಿ ಅರ್ಜಿ ವಜಾ ಆಗಿ ಅವರ ಬಂಧನವಾಯಿತು. ಡಿಸೆಂಬರಿನಲ್ಲಿ ಅವರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತು. ಕಾನೂನಿನ ಕಣ್ಣಿನಲ್ಲಿ ಅವರು ಇಂದು ಆರೋಪಿಯಲ್ಲ, ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ವಕೀಲರ ಸಂಘ ಎತ್ತಿದ ಸರತಿಯ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ಸೇವೆಯನ್ನು ದುರ್ಬಲಗೊಳಿಸಿದ ಪಾಪದಲ್ಲಿ ಎಲ್ಲ ಪಕ್ಷಗಳಿಗೂ ಪಾಲಿದೆ. 2011ರ ಸೆಪ್ಟೆಂಬರಿನಲ್ಲಿ ಶಿವರಾಜ ಪಾಟೀಲರು ರಾಜೀನಾಮೆ ಕೊಟ್ಟ ಮೇಲೆ ಲೋಕಾಯುಕ್ತರ ಪೀಠ ಸುಮಾರು ಒಂದೂವರೆ ವರ್ಷ ಖಾಲಿ ಬಿದ್ದಿತ್ತು. 2015ರಲ್ಲಿ ಲೋಕಾಯುಕ್ತ ಕಚೇರಿಯೊಳಗೇ ಸುಲಿಗೆಯ ಆರೋಪ ಕೇಳಿಬಂದು, ಅಂದಿನ ಲೋಕಾಯುಕ್ತ ಭಾಸ್ಕರ ರಾವ್ ಅವರ ಮಗನ ಬಂಧನವಾಗಿ, ವರ್ಷದ ಕೊನೆಗೆ ಅವರು ಹುದ್ದೆ ತೊರೆದರು. ಸಂಸ್ಥೆಯ ಮಾನಕ್ಕೆ ಅಷ್ಟು ದೊಡ್ಡ ಪೆಟ್ಟು ಇನ್ನೊಂದಿಲ್ಲ. 2016ರ ಮಾರ್ಚಿನಲ್ಲಿ ಕಾಂಗ್ರೆಸ್ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ಆ ದಳ ಮುಖ್ಯಮಂತ್ರಿಯ ಅಧೀನದಲ್ಲಿತ್ತು. ವಿರೋಧ ಪಕ್ಷದಲ್ಲಿದ್ದಾಗ ಅದನ್ನು ಖಂಡಿಸಿದ ಬಿಜೆಪಿ ಅಧಿಕಾರಕ್ಕೆ ಬಂದ ಮೇಲೂ ಅದನ್ನು ಮುಂದುವರಿಸಿತು. ಕೊನೆಗೆ 2022ರ ಆಗಸ್ಟ್ 11ರಂದು ದಳವನ್ನು ರದ್ದುಗೊಳಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿದ್ದು ಹೈಕೋರ್ಟ್.

ಮರಳಿ ಬಂದ ಅಧಿಕಾರವೂ ಪೂರ್ಣ ಸ್ವತಂತ್ರವಲ್ಲ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧದ ತನಿಖೆಗೆ 2024ರ ಆಗಸ್ಟಿನಲ್ಲಿ ರಾಜ್ಯಪಾಲರ ಅನುಮತಿ, ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿದ ಹೈಕೋರ್ಟ್ ತೀರ್ಪು, ಆಮೇಲೆ ವಿಶೇಷ ನ್ಯಾಯಾಲಯದ ಆದೇಶ, ಇಷ್ಟೂ ಆದ ಬಳಿಕವೇ ಮೈಸೂರಿನ ಲೋಕಾಯುಕ್ತ ಪೊಲೀಸರು ಎಫ್‌ಐಆರ್ ದಾಖಲಿಸಿದರು. 2025ರ ಫೆಬ್ರುವರಿಯಲ್ಲಿ ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ (ಪ್ರಕರಣ ಮುಕ್ತಾಯದ ವರದಿ) ಸಲ್ಲಿಸಿದರು. ಆ ತನಿಖೆಯ ಸರಿತಪ್ಪನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ರಾಜ್ಯ ಪೊಲೀಸ್ ಇಲಾಖೆಯಿಂದ ಬಂದು, ನಾಳೆ ಅಲ್ಲಿಗೇ ಹಿಂದಿರುಗಬೇಕಾದ ಅಧಿಕಾರಿಗಳು ಹಾಲಿ ಮುಖ್ಯಮಂತ್ರಿಯ ತನಿಖೆ ನಡೆಸುವ ವ್ಯವಸ್ಥೆಯಲ್ಲಿ, ಪ್ರಾಮಾಣಿಕವಾಗಿ ಬರೆದ ವರದಿಯನ್ನೂ ಜನ ಪೂರ್ತಿ ನಂಬುವುದು ಕಷ್ಟ. ಯಾವ ಪಕ್ಷದ ಮುಖ್ಯಮಂತ್ರಿ ಇದ್ದರೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಯಾರು ಈ ಸೇವೆಯನ್ನು ಬಳಸಬೇಕು? ಕಚೇರಿಯಲ್ಲಿ ಹಣ ಕೇಳಿಸಿಕೊಂಡವರು ಖಂಡಿತ ಬಳಸಿ. ಹಣ ಕೇಳಿದ ದಿನ, ಮಾತು, ಕರೆಯ ದಾಖಲೆ, ನಿಮ್ಮ ಅರ್ಜಿಯ ಸ್ವೀಕೃತಿ ಪತ್ರ ಎಲ್ಲವನ್ನೂ ಜೋಪಾನವಾಗಿಟ್ಟುಕೊಂಡು ಹೋಗಿ, ದೂರಿನ ಸಂಖ್ಯೆ ಪಡೆಯದೆ ಹೊರಗೆ ಬರಬೇಡಿ. ದೊಡ್ಡ ಹಗರಣದ ದಾಖಲೆ ನಿಮ್ಮ ಬಳಿ ಇದ್ದರೆ ಐದು ವರ್ಷದ ಗಡುವಿನೊಳಗೆ ವಿಚಾರಣಾ ವಿಭಾಗಕ್ಕೇ ದೂರು ಕೊಡಿ. ಆರೋಪ ರುಜುವಾತಾದರೆ ಲೋಕಾಯುಕ್ತರು ಲೋಕಾಯುಕ್ತ ಕಾಯ್ದೆಯ 12ನೇ ಕಲಮಿನಡಿ ಸಕ್ಷಮ ಪ್ರಾಧಿಕಾರಕ್ಕೆ ವರದಿ ಕಳುಹಿಸುತ್ತಾರೆ. ಪ್ರಾಧಿಕಾರ ಮೂರು ತಿಂಗಳೊಳಗೆ ಉತ್ತರಿಸಬೇಕು, ಉತ್ತರ ತೃಪ್ತಿ ಕೊಡದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಹೋಗಿ ಅದು ಶಾಸನಸಭೆಯ ಮುಂದೆ ಬರಬೇಕು. ಆ ಮೂರು ತಿಂಗಳು ಮುಗಿದ ಕೂಡಲೇ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಡಿ ಸಂಬಂಧಪಟ್ಟ ಇಲಾಖೆಯನ್ನು ಕೇಳಿ. ಅನುಮತಿಗಾಗಿ ಕಾದು ಕುಳಿತ ಪ್ರತಿಯೊಂದು ಪ್ರಕರಣವನ್ನೂ, ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂಬ ವಿವರದೊಂದಿಗೆ, ಲೋಕಾಯುಕ್ತವೇ ತನ್ನ ಜಾಲತಾಣದಲ್ಲಿ ಪ್ರತಿ ತಿಂಗಳು ಪ್ರಕಟಿಸಬೇಕೆಂದು ನಾವೆಲ್ಲ ಒತ್ತಾಯಿಸಬೇಕಾಗಿದೆ.