ಮೂರು ಸ್ಕ್ರೀನ್ ಕೂರಿಸಲು ಮೂರು ದಾರಿ

ಅಕ್ಟೋಬರ್ ಬಂತೆಂದರೆ ತುಮಕೂರಿನ ನಮ್ಮಂಥ ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಿಗೆ ಬಿಡುವಿಲ್ಲ. ನವೆಂಬರ್ 1ರೊಳಗೆ ಆಟೋ ಚಾಲಕರಿಗೂ ಕಾಲೇಜು ಹುಡುಗರಿಗೂ ಕಪ್ಪು ಟೀ ಶರ್ಟಿನ ಮೇಲೆ ಹಳದಿ, ಕೆಂಪು ಬೇಕು. ಕಪ್ಪು ಬಟ್ಟೆಯ ಮೇಲೆ ಬಣ್ಣ ಎದ್ದು ಕಾಣಬೇಕಾದರೆ ಕೆಳಗೊಂದು ಬಿಳಿ ಪದರ ಹೊಡೆಯಲೇಬೇಕು. ಒಂದೊಂದು ಬಣ್ಣಕ್ಕೂ ಫ್ರೇಮಿಗೆ ಜಾಲರಿ ಬಟ್ಟೆ ಬಿಗಿದ ಒಂದೊಂದು ಸ್ಕ್ರೀನ್ ಬೇಕು, ಅಲ್ಲಿಗೆ ಮೂರು ಸ್ಕ್ರೀನ್ ಆಯಿತು. ಹಳದಿ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿ ಇಣುಕುತ್ತದೆ. ನಲವತ್ತು ಶರ್ಟಿನ ಆರ್ಡರಿನಲ್ಲಿ ಹೊಡೆಯುವುದಕ್ಕಿಂತ ಸ್ಕ್ರೀನ್ ಕೂರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದಕ್ಕಾಗಿ ನಮ್ಮ ನಾಲ್ಕು ಬಣ್ಣದ ಕೈಮೆಷಿನ್ನಿನಲ್ಲಿ ಮೂರು ವಿಧಾನಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಕಣ್ಣಳತೆ. ಚಿತ್ರ ಮುದ್ರಿಸಿದ ಪಾರದರ್ಶಕ ಫಿಲ್ಮಿನ ಮೇಲೂ ಕೆಳಗೂ ಕೂಡುಗುರುತು ಹಾಕಿ, ಬಿಳಿಯನ್ನು ಹೊಡೆದು, ಅದರ ಗುರುತಿನ ಮೇಲೆ ಮುಂದಿನ ಸ್ಕ್ರೀನಿನ ಗುರುತು ಬರುವಂತೆ ಸ್ಕ್ರೀನನ್ನು ತುಸುತುಸುವೇ ಸರಿಸುವ ಮೈಕ್ರೋ ತಿರುಪು ತಿರುಗಿಸುವುದು. ಮೇಲಿನ ಗುರುತು ಸರಿಹೋದರೆ ಕೆಳಗಿನದು ಜಾರುತ್ತದೆ. ನನಗೆ ಮೂರು ಬಣ್ಣಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಖರ್ಚಿಲ್ಲ ಎಂಬುದೊಂದೇ ಇದರ ಲಾಭ.

ಎರಡನೆಯದು ಪಿನ್ ವಿಧಾನ. ಫಿಲ್ಮಿಗೆ ಗೊತ್ತಾದ ಜಾಗದಲ್ಲಿ ತೂತು ಹೊಡೆದು ಪಿನ್ನಿಗೆ ಸಿಕ್ಕಿಸಬೇಕು, ಫ್ರೇಮನ್ನೂ ಪಿನ್ನಿಗೇ ಹಿಡಿಸಬೇಕು. ಕೂತರೆ ಗಟ್ಟಿಯಾಗಿ ಕೂರುತ್ತದೆ. ಆದರೆ ಪ್ರತಿ ಫ್ರೇಮಿಗೂ ತೂತಿನ ಪಟ್ಟಿ ಹಾಕಿಸಬೇಕು. ಪ್ರಿಂಟರ್ ಫಿಲ್ಮನ್ನು ತುಸು ಓರೆಯಾಗಿ ಎಳೆದುಕೊಂಡರೂ ತೂತಿಗೂ ಚಿತ್ರಕ್ಕೂ ಇರುವ ಅಂತರ ಬದಲಾಗುತ್ತದೆ. ಮೂವತ್ತು ಹಳೆಯ ಫ್ರೇಮುಗಳಿರುವ ನನ್ನಂಥವನಿಗೆ ಇದು ಹೊಂದಲಿಲ್ಲ.

ನನ್ನ ಮನಸ್ಸು ಗೆದ್ದದ್ದು ಮೂರು ತಡೆಗಳ ವಿಧಾನ. ಪ್ರಿಂಟಿಂಗ್ ಮೆಷಿನ್ ತಯಾರಿಸುವ ಎಂ ಅಂಡ್ ಆರ್ ಕಂಪನಿಯ ಟ್ರೈ-ಲಾಕ್ ಇದೇ ತತ್ವದ್ದು. ನಾನು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಹಲಗೆಯ ಮೇಲೆ ಮಾಡಿಸಿಕೊಂಡೆ. ಫ್ರೇಮಿನ ಒಂದು ಬದಿಗೆ ಎರಡು ತಡೆ, ಪಕ್ಕದ ಬದಿಗೆ ಒಂದು. ಮೂರಕ್ಕೂ ತಾಗಿದ ಫ್ರೇಮ್ ಒಂದೇ ಒಂದು ಜಾಗದಲ್ಲಿ ನಿಲ್ಲಲು ಸಾಧ್ಯ. ನಾಲ್ಕನೆಯದನ್ನು ಇಟ್ಟರೆ ಯಾವುದಾದರೂ ಒಂದು ತಾಗದೆ ಉಳಿಯುತ್ತದೆ.

ಫಿಲ್ಮಿನ ಚಿತ್ರವನ್ನು ಬೆಳಕಿನಿಂದ ಸ್ಕ್ರೀನಿಗೆ ಇಳಿಸುವ ಎಕ್ಸ್‌ಪೋಸಿಂಗ್ ಗಾಜಿನ ಮೇಲೂ ಅದೇ ಅಳತೆಯ ಮೂರು ತಡೆಗಳಿರಬೇಕು. ಚೌಕಳಿ ಗೆರೆಯ ಪಾರದರ್ಶಕ ಹಾಳೆಗೆ ಫಿಲ್ಮನ್ನು ಗುರುತು ನೋಡಿ ಟೇಪಿನಿಂದ ಅಂಟಿಸುತ್ತೇನೆ. ಕಣ್ಣಿನ ಕೆಲಸ ಅಲ್ಲಿಯೇ, ಬೆಳಕಿನ ಮೇಜಿನ ಮೇಲೆ ಕೂತು, ಶಾಯಿ ಒಣಗುವ ಆತಂಕವಿಲ್ಲದೆ ಮುಗಿಯುತ್ತದೆ. ಆಮೇಲೆ ಮೆಷಿನ್ನಿನಲ್ಲಿ ಶರ್ಟ್ ಹಾಸುವ ಪ್ಯಾಲೆಟ್ಟಿಗೆ ಹಲಗೆ ಸಿಕ್ಕಿಸಿ, ಫ್ರೇಮನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಮೂರೂ ಕಡೆ ಟಕ್ಕೆಂದು ತಾಗಿದ ಮೇಲೆ ಕ್ಲಾಂಪ್ ಬಿಗಿಯುವುದು, ಹಲಗೆ ತೆಗೆಯುವುದು. ಮೂರು ಬಣ್ಣಕ್ಕೆ ಈಗ ಹದಿನೈದು ನಿಮಿಷ, ತಿರುಪಿನ ಸಣ್ಣ ತಿದ್ದುಪಡಿಯೂ ಸೇರಿ. ಫ್ರೇಮ್ ಕೂರಿಸುವ ಮೊದಲೇ ಮೈಕ್ರೋ ತಿರುಪುಗಳನ್ನು ನಟ್ಟನಡುವಿಗೆ ತಂದಿಟ್ಟುಕೊಂಡಿರಬೇಕು, ಇದನ್ನು ಮರೆಯಬೇಡಿ. ಫ್ರೇಮಿನ ಒಂದು ಮೂಲೆಗೆ ಕೆಂಪು ಬಣ್ಣ ಬಳಿದಿದ್ದೇನೆ. ಗಾಜಿನ ಮೇಲೂ ಮೆಷಿನ್ನಿನ ಮೇಲೂ ಆ ಮೂಲೆ ಒಂದೇ ಕಡೆ ಬರಬೇಕು.

ಆದರೂ ಮೊದಲ ಆರ್ಡರಿನಲ್ಲೇ ಕೆಂಪು ತಪ್ಪಿತು. ಅರ್ಧ ದಿನ ಹಲಗೆಯನ್ನೇ ಅಳೆದೆ, ಅದರಲ್ಲೇನೂ ದೋಷವಿರಲಿಲ್ಲ. ಕೆಂಪಿನ ಸ್ಕ್ರೀನ್ ಮಾತ್ರ ಮರದ ಫ್ರೇಮಿನದಾಗಿತ್ತು. ತೊಳೆದು ತೊಳೆದು ನೀರು ಕುಡಿದು ಅದರ ಬದಿ ಉಬ್ಬಿತ್ತು. ಬಟ್ಟೆ ಸಡಿಲವಾದ ಸ್ಕ್ರೀನಿಗೂ ಈ ಹಲಗೆಯಿಂದ ಪ್ರಯೋಜನವಿಲ್ಲ, ಶಾಯಿ ಒತ್ತುವ ಸ್ಕ್ವೀಜಿ ಎಳೆದಂತೆ ಚಿತ್ರವೂ ಸರಿಯುತ್ತದೆ. ಹಾಗಾಗಿ ಹಣ ಸ್ವಲ್ಪವೇ ಇದ್ದರೆ ಹಲಗೆಗಿಂತ ಮೊದಲು ಬಿಗಿಯಾಗಿ ಎಳೆದ ಅಲ್ಯೂಮಿನಿಯಂ ಫ್ರೇಮುಗಳಿಗೆ ಹಾಕಿ. ಒಂದೇ ಬಣ್ಣದ ಕೆಲಸ ಮಾತ್ರ ಮಾಡುವವರಿಗೆ ಹಲಗೆಯ ಅಗತ್ಯವೇ ಇಲ್ಲ. ನನ್ನ ಮರದ ಫ್ರೇಮುಗಳೆಲ್ಲ ಈಗ ಅಂಥ ಕೆಲಸಕ್ಕೇ ಮೀಸಲು. ಅಲ್ಯೂಮಿನಿಯಂನವು 12 ಇವೆ. ಬರುವ ಅಕ್ಟೋಬರಿನೊಳಗೆ ಇನ್ನೂ 6 ಮಾಡಿಸಬೇಕು.